ಎರಡೂ ಎಡಗೈ

ಪೇಚ್ ಪಟ್ಟಣ. ಎಂಬತ್ತೇಳರ ಜನವರಿ.
ಆಸ್ಪತ್ರೆಯ ನೆಲಮಾಳಿಗೆಗೆ ಒಂದೇ ಕಿಟಕಿ,
ಅದನ್ನೂ ಅರ್ಧ ಹಿಮ ಮುಚ್ಚಿದೆ.
ನನ್ನದು ಕತ್ತರಿಯ ಕೆಲಸ.

ಒಂದು ಕೋಶದ ಫೋಟೋ, ಅಂಗೈಯಗಲ.
ಇಬ್ಭಾಗವಾಗಲು ಹೊರಟ ಗಳಿಗೆಯಲ್ಲೇ ತಡೆದು ನಿಲ್ಲಿಸಿ
ಬಣ್ಣ ಹಾಕಿ ಹಿಡಿದದ್ದು.
ಅದರೊಳಗಿನ ಪಟ್ಟೆಪಟ್ಟೆ ಕ್ರೋಮೋಸೋಮುಗಳನ್ನು
ಒಂದೊಂದೇ ಕತ್ತರಿಸಿ, ಉದ್ದ ನೋಡಿ, ನಡು ನೋಡಿ,
ಜೊತೆಗಾರನನ್ನು ಹುಡುಕಿ, ಗೋಂದು ಹಚ್ಚಿ ಕೂರಿಸಬೇಕು.
ಇಪ್ಪತ್ತಮೂರು ಜೋಡಿ.
ಊಟದ ಹೊತ್ತಿಗೆ ಎರಡು ಹಾಳೆ ಮುಗಿಯುತ್ತವೆ,
ಯಾರದಾದರೂ ನೆತ್ತರಾದರೆ.

ಇದು ನೆತ್ತರಲ್ಲ.
ಎಟೆಲ್ಕಾಳ ತಲೆಯೊಳಗಿಂದ ತೆಗೆದ
ಅಕ್ರೋಟಿನಷ್ಟು ಗಡ್ಡೆಯ ಚೂರು.

ಎಟೆಲ್ಕಾ ಕೈಗವಸಿನ ಕಾರ್ಖಾನೆಯವಳು.
ನಲವತ್ತೆರಡು ವರ್ಷ ಒಂದೇ ಮೇಜು:
ಮೇಕೆಯ ತೊಗಲು, ಎಡ, ಬಲ, ಹೊಲಿಗೆ ಸವರಿ ನೋಡಿ
ತೆಳುಕಾಗದ ಸುತ್ತಿ, ಡಬ್ಬಿ.
ಸೆಪ್ಟೆಂಬರಿನಲ್ಲಿ ವಿಯೆನ್ನಾದಿಂದ
ಒಂದು ಡಬ್ಬಿ ವಾಪಸು ಬಂತು. ಒಳಗೆ ಎರಡೂ ಎಡಗೈ.
ಆಮೇಲೆ ಹನ್ನೊಂದು ಡಬ್ಬಿ.
ಕಣ್ಣು ಮಂಜಾಗಿದೆ ಎಂದರು, ಕನ್ನಡಕ ಕೊಡಿಸಿದರು.

ಮೊದಲ ಕೋಶದಲ್ಲಿ ಏಳನೆಯದು ಮೂರು, ಹತ್ತನೆಯದು ಒಂಟಿ.
ಸರಿ, ಈ ಗಡ್ಡೆಗಳ ರೂಢಿಯೇ ಹಾಗೆ.
ಎರಡನೆಯದರಲ್ಲಿ ಏಳನೆಯದು ಐದು.
ಮೂರನೆಯದರಲ್ಲಿ ಒಟ್ಟು ಎಂಬತ್ತಮೂರು; ಹಾಳೆ ಸಾಲದೆ
ಇನ್ನೊಂದನ್ನು ಬಾಲದ ಹಾಗೆ ಅಂಟಿಸಿದೆ.
ನಾಲ್ಕನೆಯದರಲ್ಲಿ ಒಂದು ತುಂಡು,
ಯಾರ ಮಗನೋ, ಯಾವ ಸಾಲಿಗೂ ಸಲ್ಲದು.
ಒಂದೇ ಬಸಿರಿನವು ಇವೆಲ್ಲ,
ಒಂದರ ಮುಖ ಇನ್ನೊಂದಕ್ಕಿಲ್ಲ.

ಪಾಲಾಗುವಾಗಲೇ ಎಡವಟ್ಟು.
ಎರಡೂ ಕಡೆಯಿಂದ ನೂಲು ಹಿಡಿದು ಜಗ್ಗುತ್ತಾರೆ,
ಒಂದು ನಡುವೆ ನೇತಾಡುತ್ತ ಉಳಿಯುತ್ತದೆ,
ಅಷ್ಟರಲ್ಲಿ ಗೋಡೆ ಏಳುತ್ತದೆ.
ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಮ್ಮಿ.
ಕಮ್ಮಿಯವನು ಸಾಯಬೇಕಿತ್ತು;
ಕೆಲವು ಸಲ ಅವನೂ ಬದುಕಿ
ಮುಂದಿನ ಪಾಲಿಗೆ ಕೂರುತ್ತಾನೆ.

ಡಾಕ್ಟರ್ ಕೆಲೆಮೆನ್ ಹಾಳೆಗಳನ್ನು ಹರವಿಕೊಂಡು ನಿಂತರು.
"ನನ್ನ ಹತ್ತಿರ ಇರುವುದು ಒಂದು ಬೀಗದ ಕೈ,
ಇಲ್ಲಿ ಮನೆಗೊಂದು ಬೀಗ," ಎಂದರು.
ಸಿಗರೇಟು ಹಚ್ಚಲು ಹೊರಗೆ ಹೋದವರು
ಮಧ್ಯಾಹ್ನದವರೆಗೂ ಬರಲಿಲ್ಲ.

ನಾವು ನೆಲಮಾಳಿಗೆಯವರು ರೋಗಿಗಳ ಮುಖ ನೋಡುವುದಿಲ್ಲ.
ಆ ಸಂಜೆ ಯಾಕೋ ಮೆಟ್ಟಿಲು ಹತ್ತಿದೆ.
ಬೋಳುತಲೆಗೆ ಪಟ್ಟಿ. ಬೆರಳುಗಳು ಕಂಬಳಿಯ ಅಂಚು ಸವರುತ್ತಿದ್ದವು,
ಹೊಲಿಗೆ ಹುಡುಕುತ್ತ.
"ನೀನೂ ಜೋಡಿ ಮಾಡುವವಳಂತೆ," ಎಂದಳು.
"ಒಂಟಿ ಉಳಿದದ್ದನ್ನು ಏನು ಮಾಡುತ್ತೀ?"
ನಾನು ಬಾಯಿ ತೆರೆಯುವ ಮೊದಲು ಅವಳೇ ಹೇಳಿದಳು:
"ನಾವು ಡ್ರಾಯರಿನಲ್ಲಿ ಇಡುತ್ತಿದ್ದೆವು.
ಯುದ್ಧ ಮುಗಿದ ಚಳಿಗಾಲ ಒಂದೇ ಕೈಯವರು ಬಂದರು,
ದಿನಾ ಬಂದರು.
ಒಂದೂ ದಂಡವಾಗಲಿಲ್ಲ, ನೋಡು."

ಬಸ್ಸಿಗೆ ಕಾಯುತ್ತ ನಿಂತಾಗ ಕಂಡಿತು:
ಸ್ವೆಟರಿನ ತೋಳಿಗೆ ಅಂಟಿದ್ದ ಫೋಟೋದ ಚೂರು,
ಅಕ್ಕಿಕಾಳಿನಷ್ಟು. ದೀಪದ ಕೆಳಗೆ ಹಿಡಿದೆ.
ಹತ್ತನೆಯದಿರಬಹುದು. ಹನ್ನೊಂದನೆಯದೂ ಇರಬಹುದು.
ಮೊದಲ ಹಾಳೆಯದೋ, ಏಳನೆಯ ಹಾಳೆಯದೋ.
ಒಂಟಿ ಎಂದು ಬರೆದು ರುಜು ಹಾಕಿ ಬಂದಿದ್ದೆ.

ಬಸ್ಸು ಬಂತು. ಮುಷ್ಟಿ ಬಿಚ್ಚದೆ ಹತ್ತಿದೆ.
ಟಿಕೆಟ್ಟಿಗೆ ತೂತು ಹೊಡೆದದ್ದು
ಎಡಗೈಯಲ್ಲೇ.