ಹದಿನೇಳನೇ ಜರಡಿ

ಮೊದಲು ಗೊತ್ತಾದದ್ದು ಮೂಗಿಗೆ.

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ ಬೆಳಿಗ್ಗೆ ಹತ್ತಕ್ಕೆ
ಎಂಟು ಬಟ್ಟಲು, ಎಂಟು ತೋಟದ ಕಾಫಿ.
ಚಮಚ ಅದ್ದಿ, ಸುರ್ರೆಂದು ಹೀರಿ,
ಉಗುಳಿ, ಅಂಕ ಬರೆಯುವುದು ನನ್ನ ಕೆಲಸ.
ಹನ್ನೊಂದು ವರ್ಷದಿಂದ ಈ ನಾಲಿಗೆಗೇ ಸಂಬಳ.

ಆ ದಿನ ಮೂರನೇ ಬಟ್ಟಲಲ್ಲಿ ಕಾಫಿಯೇ ಇರಲಿಲ್ಲ.
ಗೋಣಿಚೀಲವಿತ್ತು, ಚೀಲ ಹೊತ್ತವನ ಬೆವರಿತ್ತು,
ಅವನು ಅರ್ಧ ಸೇದಿ ಎಸೆದ ಬೀಡಿಯಿತ್ತು.
ಉಗುಳಲು ಬಾಗಿದವಳು
ಎಷ್ಟೋ ಹೊತ್ತು ಏಳಲಿಲ್ಲ.

ಸಂಜೆ ಮೆಡಿಕಲ್ಲಿನ ಹುಡುಗ
ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟ,
ಏನೋ ಕದ್ದ ಮಾಲು ದಾಟಿಸುವವನಂತೆ.
ಎರಡನೇ ಗೆರೆ ಇದೆಯೋ ಇಲ್ಲವೋ
ಅನ್ನುವಷ್ಟು ತೆಳು.
ಬಲ್ಬಿಗೆ ಹಿಡಿದೆ, ಕಿಟಕಿಗೆ ಹಿಡಿದೆ.
ಇತ್ತು.

ವಾಂತಿ ಬರುತ್ತದೆ ಅಂತ ಎಲ್ಲರೂ ಹೇಳಿದ್ದರು.
ಮಧ್ಯಾಹ್ನ ಮೂರಕ್ಕೆ ಮೂಟೆಗೊರಗಿ
ಕಣ್ಣು ತೆರೆದೇ ನಿದ್ದೆಹೋಗುತ್ತೇನೆ ಅಂತ ಯಾರೂ ಹೇಳಿರಲಿಲ್ಲ.
ರವಿಕೆಯ ಬಟ್ಟೆ ತಾಗಿದರೂ ನೋವು ಅಂತಲೂ,
ಸುಂಟಿಕೊಪ್ಪದ ಬಸ್ಸಿನಲ್ಲಿ ಕಂಡಕ್ಟರ್
ಚಿಲ್ಲರೆ ಇಲ್ಲ ಎಂದದ್ದಕ್ಕೆ
ಏಳನೇ ಮೈಲಿಯವರೆಗೆ ಅಳುತ್ತೇನೆ ಅಂತಲೂ.

ಈ ತಿಂಗಳು ಯಾವ ತೋಟಕ್ಕೂ ಎಂಬತ್ತು ಅಂಕ ದಾಟಲಿಲ್ಲ.
ಪಾಲಿಬೆಟ್ಟದವರು ಫೋನ್ ಮಾಡಿ ಜಗಳವಾಡಿದರು.
ಮ್ಯಾನೇಜರ್ ಬೆಳ್ಳಿಯಪ್ಪ ನನ್ನ ಪಟ್ಟಿ ನೋಡಿ,
ಕನ್ನಡಕದ ಮೇಲಿಂದ ನನ್ನನ್ನೂ ನೋಡಿ,
"ನಿನಗೀಗ ಎರಡು ಮೂಗೇನಮ್ಮ?" ಎಂದರು.
ನಾನು ಬಟ್ಟಲು ತೊಳೆಯಲು ಹೋದೆ.

ಹೇಳಬಾರದು, ಮೂರು ತಿಂಗಳು ತುಂಬಲಿ.
ಕಳೆದ ವರ್ಷ ಎರಡೂವರೆಗೇ ಹೇಳಿಬಿಟ್ಟಿದ್ದೆವು.
ಆಮೇಲೆ ಒಬ್ಬೊಬ್ಬರಿಗೂ ಮತ್ತೆ ಹೇಳಬೇಕಾಯಿತು,
ಆ ಎರಡನೇ ಸುದ್ದಿಯನ್ನು.

ಹಾಗಾಗಿ ರಾತ್ರಿ ಎರಡಕ್ಕೆ, ದೀಪ ಹಾಕದೆ,
ಅಡುಗೆಮನೆಯಲ್ಲಿ ನಿಂತು
ಕಾಚಂಪುಳಿ ಬಾಟಲಿಗೆ ಬೆರಳದ್ದಿ ನೆಕ್ಕುತ್ತೇನೆ.
ಕಪ್ಪು ಹುಳಿ ಹಲ್ಲಿನ ಬುಡದವರೆಗೂ ಇಳಿಯುತ್ತದೆ,
ಹೊಟ್ಟೆ ಒಂದು ಗಳಿಗೆ ಸುಮ್ಮನಾಗುತ್ತದೆ.
ಬಾಟಲಿ ಅರ್ಧಕ್ಕಿಳಿದದ್ದನ್ನು ಅತ್ತೆ ಚೋಂದಮ್ಮ ಕಂಡಿರಬೇಕು.
ಮನೆಯಲ್ಲಿ ಪಂದಿಕರಿ ಮಾಡಿ ತಿಂಗಳಾಗಿದೆ.
ಏನೂ ಕೇಳಲಿಲ್ಲ.
ಮರುದಿನ ಬಾಟಲಿ ತುಂಬಿತ್ತು.
ಊಟಕ್ಕೆ ಕಣಿಲೆ ಪಲ್ಯ ಬಡಿಸುವಾಗ
ನನ್ನ ತಟ್ಟೆಯನ್ನು ದಾಟಿ ಹೋದರು.

ಆರನೇ ವಾರ, ಸ್ಕ್ಯಾನಿಂಗ್.
ಹೊಟ್ಟೆಯ ಮೇಲೆ ತಣ್ಣನೆಯ ಜೆಲ್.
ಉತ್ತಯ್ಯ ಹೊರಗೆ ಬೆಂಚಿನಲ್ಲಿ,
ಕಾಲು ಅಲುಗಿಸುತ್ತಿರುವುದು ಪರದೆಯಡಿ ಕಾಣುತ್ತಿತ್ತು.
"ಐದು ಮಿಲಿಮೀಟರ್" ಎಂದರು ಡಾಕ್ಟರ್.
ನಗು ಬಂತು ನನಗೆ, ತಡೆಯಲಾಗಲಿಲ್ಲ.
ಮಿಲಿಮೀಟರಿನಲ್ಲಿ ಅಳೆಯುವುದಲ್ಲದೆ
ನಾವು ಬೇರೇನು ಮಾಡುತ್ತೇವೆ ದಿನವಿಡೀ?
ಹದಿನೇಳನೇ ಜರಡಿಯ ತೂತು ಆರೂವರೆಗಿಂತ ತುಸು ದೊಡ್ಡದು.
ಅದರ ಮೇಲೆ ನಿಂತದ್ದು 'ಎ', ಜಾರಿದ್ದು 'ಬಿ',
ಅದಕ್ಕೂ ಜಾರಿದ್ದು 'ಸಿ'.
ನೀನು 'ಸಿ'ಗೂ ಸಾಲದವಳು ಕಣೇ,
ಸಾಲದವನೋ.
ನಿನ್ನನ್ನು ಗುಡಿಸಿ ಪುಡಿಯ ರಾಶಿಗೆ ಹಾಕುತ್ತಾರೆ ಅಲ್ಲಿ.

ಆದರೆ ಆ ಬೂದು ಚುಕ್ಕಿಯೊಳಗೆ
ಏನೋ ಮಿಣುಕುತ್ತಿತ್ತು, ಬಲು ಅವಸರದಲ್ಲಿ.

ಆಶಾ ಜುಬೇದಾ ಹಳದಿ ಮಾತ್ರೆ ಎಣಿಸಿ ಕೊಟ್ಟಳು.
ತಾಯಿ ಕಾರ್ಡಿನಲ್ಲಿ ನನ್ನ ಹೆಸರು ತಪ್ಪಾಗಿ ಬರೆದಳು,
ತಿದ್ದಿಸಲಿಲ್ಲ. ಯಾವ ದೃಷ್ಟಿಯೋ,
ತಪ್ಪು ಹೆಸರನ್ನೇ ಹುಡುಕಿಕೊಂಡು ಹೋಗಲಿ.

ಈಗ ಜರಡಿ ಕೋಣೆಯ ಮುಂದೆ ಹಾಯುವಾಗ
ಕಾಲು ನಿಧಾನವಾಗುತ್ತದೆ.
ಯಂತ್ರ ಗಡಗಡ ಅಲುಗುತ್ತದೆ, ಕಾಳು ಹಾರುತ್ತವೆ, ಜಾರುತ್ತವೆ.
ಒಂದು ಪೀಬರಿ, ಹಣ್ಣಿನೊಳಗೆ ಒಂಟಿಯಾಗಿ ದುಂಡಗಾದದ್ದು,
ತೂತಿನ ಅಂಚಿನಲ್ಲಿ ಉರುಳುತ್ತಿದೆ, ಇನ್ನೂ ಉರುಳುತ್ತಿದೆ.

ನಿಲ್ಲು ಅನ್ನುತ್ತೇನೆ,
ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.