ಕೇಳುವವನಿಗೆ

ಶನಿವಾರ. ಬೆಳಗಿನ ಆರಕ್ಕೇ ಹೊರಟಿದ್ದೇವೆ, ಏಳು ಮಂದಿ,
ಗುವೈಮಾಸಿನಿಂದ ಉತ್ತರಕ್ಕೆ, ಉಪ್ಪುಗಾಳಿ ಮುಗಿದು
ಮುಳ್ಳುಜಾಲಿ ಶುರುವಾಗುವ ಕಡೆ.
ನಿನಗೆ ಗೊತ್ತೇ ಇರುತ್ತದೆ. ಆದರೂ ಹೇಳುತ್ತೇನೆ,
ಹೇಳಿಸಿಕೊಳ್ಳದೆ ತಿಳಿದುಕೊಳ್ಳುವ ಚಾಳಿ ನಿನ್ನದು, ನನ್ನದಲ್ಲ.

ನಾನು ಎವುಲಾಲಿಯಾ ಬೊಹೋರ್ಕೆಸ್. ಶಾಲೆಯ ಅಡುಗೆಮನೆಯಲ್ಲಿ
ಹತ್ತೊಂಬತ್ತು ವರ್ಷ ಕಾಳು ಬೇಯಿಸಿದವಳು.
ಮಗ ಫೆರ್ಮಿನ್, ಸೀಗಡಿ ಲಾರಿಯ ಕ್ಲೀನರು,
ಮೂರು ವರ್ಷದ ಹಿಂದೆ ಒಂದು ಮಂಗಳವಾರ
ಕಾಣೆ.

ರಾಜಧಾನಿಯಿಂದ ಹುಡುಗಿಯೊಬ್ಬಳು ಬಂದಿದ್ದಳು, ಸಿತ್ಲಾಲಿ.
ನನ್ನ ಫೋನಿಗೆ ತಂತಿ ಚುಚ್ಚಿ ರಾತ್ರಿಯೆಲ್ಲ ಕೂತು,
ಹೊಟ್ಟೆ ಮುಟ್ಟಿ ನೋಡಿದ ಸೂಲಗಿತ್ತಿಯ ಹಾಗೆ ಮೆಲ್ಲಗೆ,
"ಅಮ್ಮಾ, ಯಾರೋ ಒಳಗಿದ್ದಾರೆ" ಎಂದಳು.
"ಹನ್ನೊಂದು ಸಲ ಬಂದಿದ್ದಾರೆ. ಒಮ್ಮೆಯೂ ಬಾಗಿಲು ತಟ್ಟಿಲ್ಲ."

ನಾನೇನು ಮಂತ್ರಿಯೇ? ಬಂದೂಕು ಸಾಗಿಸುವವಳೇ?
ಒಂದು ಸರಳು, ಒಂದು ಸುತ್ತಿಗೆ, ಒಂದು ಟೋಪಿ.
ಸರಳನ್ನು ನೆಲಕ್ಕೆ ಹೊಡೆದು, ಎಳೆದು, ತುದಿ ಮೂಸುತ್ತೇವೆ.
ಅಷ್ಟೇ ನಮ್ಮ ತಂತ್ರಜ್ಞಾನ.

ವಕೀಲರ ಕಾಗದಕ್ಕೆ ಕಂಪನಿಯಿಂದ ಉತ್ತರ ಬಂತು,
ಸಹಿ ಕೂಡ ಅಚ್ಚು ಹಾಕಿದ್ದು:
ಮಾನವ ಹಕ್ಕುಗಳಿಗೆ ನಾವು ಬದ್ಧರು.
ಸರ್ಕಾರಗಳಿಗೆ ಮಾತ್ರ ಮಾರುತ್ತೇವೆ.
ಯಾವ ಸರ್ಕಾರ ಎಂಬುದು ಗ್ರಾಹಕರ ಖಾಸಗಿತನ.
ಆ ಕೊನೆಯ ಪದವನ್ನು ಎರಡು ಸಲ ಓದಿಸಿದೆ.
ಚೇಲೋ ನಕ್ಕು ನಕ್ಕು ಕೆಮ್ಮಿದಳು.

ಮಾರ್ಚಿನಲ್ಲಿ ಎಂಟನೆಯವಳಿದ್ದಳು, ರೆಫುಹಿಯೊ.
ಹೋಗುವ ಜಾಗವನ್ನು ಫೋನಿನಲ್ಲಿ ಹೇಳಿದ್ದು ನಾನೇ.
ತಲುಪುವಾಗ ನೆಲ ಆಗಲೇ ಅಗೆದಿತ್ತು, ಹಸಿ ಮಣ್ಣು, ಸುಣ್ಣ.
ಮನೆಗೆ ಬಂದರೆ ಅವಳ ಗೇಟಿನಲ್ಲಿ ಹೂವಿನ ಚಕ್ರ,
ಸತ್ತವರಿಗೆ ಇಡುತ್ತಾರಲ್ಲ, ಅಂಥದ್ದು, ಅವಳ ಹೆಸರು ಬರೆದು.
ಈಗ ಅವಳು ಬರುವುದಿಲ್ಲ. ಬುತ್ತಿ ಕಳಿಸುತ್ತಾಳೆ.

ನೀನು ಏನೇನು ಕೇಳಿರಬಹುದೆಂದು ಎಣಿಸಿದ್ದೇನೆ.
ನನ್ನ ಗೊರಕೆ. ಸಕ್ಕರೆ ಕಾಯಿಲೆಗೆ ಡಾಕ್ಟರ ಬೈಗುಳ.
ಅವನ ನಂಬರು ಸಾಯದಿರಲೆಂದು ಅಂಗಡಿಯಲ್ಲಿ
ತಿಂಗಳು ತಿಂಗಳೂ ನಾನು ಹಾಕಿಸುವ ಐವತ್ತು ಪೆಸೊ.
ರಾತ್ರಿ ಆ ನಂಬರಿಗೆ ಮಾಡಿ, ಬೀಪ್ ಎಂದಮೇಲೆ
ನಾನು ಆಡಿದ್ದೆಲ್ಲ. ಅವನು ಕೇಳಲಿಲ್ಲ, ನೀನು ಕೇಳಿದೆ.
ಅಷ್ಟು ಕೇಳಿದವನು, ಒಂದು ದಿನವಾದರೂ
ಏನಮ್ಮಾ ಎಂದು ಕೇಳಲಿಲ್ಲ.

ಇದನ್ನು ಬಿಸಾಡಿ ಎಂದಳು ಸಿತ್ಲಾಲಿ.
ಇದರಲ್ಲಿ ಅವನ ಕೊನೆಯ ಮಾತಿದೆ, ಒಂಬತ್ತು ಸೆಕೆಂಡು:
"ತಡವಾಗುತ್ತೆ, ಕಾಳು ಮುಚ್ಚಿಡು, ನಾಯಿಗೆ ಹಾಕಿಬಿಡಬೇಡ."
ಪ್ರತಿ ಮಾಡಿಕೊಡುತ್ತೇನೆ ಎಂದಳು.
ಪ್ರತಿ ನಿನ್ನ ಹತ್ತಿರವೂ ಇದೆಯಲ್ಲ,
ಹೆಸರು ತಿಳಿಯದ ಊರಿನ ತಣ್ಣನೆಯ ಕೋಣೆಯಲ್ಲಿ,
ಯಾವುದೋ ಅಂಕಿಯ ಕೆಳಗೆ.
ಹಾಗಾದರೆ ನನ್ನ ಮಗ ಎರಡು ಕಡೆ ಹೂತುಹೋಗಿದ್ದಾನೆ,
ಅಲ್ಲಿಯ ನೆಲಕ್ಕೆ ಈ ಸರಳು ಇಳಿಯುವುದಿಲ್ಲ.

ಬಸ್ಸಿನ ಯಾವ ಸೀಟಿನಲ್ಲಿ ಕೂತಿದ್ದೇನೆಂದು ಬಲ್ಲವನೇ,
ಆ ಮಂಗಳವಾರ ಅವನ ಜೇಬಿನಲ್ಲೂ ಒಂದು ಫೋನಿತ್ತು.

ಬಿಸಿಲೇರಿತು. ಚೇಲೋ ಸುತ್ತಿಗೆ ಎತ್ತಿದ್ದಾಳೆ.
ಸದ್ದು ಬಂತೇ? ಇನ್ನೊಂದು. ಕಲ್ಲು ತಾಗಿತು, ಪಕ್ಕಕ್ಕೆ ಹೊಡಿ ಎಂದೆ.
ಎಳೆದೆವು. ಮೂಸಿದೆ.
ಬರೀ ಬೇರು, ಬಿಸಿ ಕಬ್ಬಿಣ.
ವಾಸನೆ ನಿನ್ನವರೆಗೆ ಬರುವುದಿಲ್ಲ, ಅದಕ್ಕೇ ಹೇಳಿದೆ.
ಬರೆದುಕೋ.