ಎಡಗಡೆ ಸೀಟು

ಹನ್ನೊಂದು ವರ್ಷ ನಾನು
ಲಾರಿಯ ಎಡಗಡೆ ಕೂತವನು.
ನನಗೆ ಊರುಗಳೆಲ್ಲ
ಹೋಗುವಾಗ ಒಂದು ಮಗ್ಗುಲು, ಬರುವಾಗ ಇನ್ನೊಂದು;
ಎರಡನ್ನೂ ಒಟ್ಟಿಗೆ ಕಂಡಿಲ್ಲ.
ಮದ್ದೂರಲ್ಲಿ ಯಾವ ಅಂಗಡಿ ಮುಂದೆ ಚರಂಡಿ ಬಾಯಿ ಬಿಟ್ಟಿದೆ,
ಹನಕೆರೆಯ ಯಾವ ಹುಣಸೆ ಕೊಂಬೆ ಟಾರ್ಪಾಲು ಸೀಳುತ್ತದೆ,
ನಾಲೆ ಏರಿಯ ಮೇಲೆ ಎಷ್ಟು ಗೇಣು ಮಣ್ಣು ಗಟ್ಟಿ,
ಕೇಳಿ, ಹೇಳುತ್ತೇನೆ.
ರಸ್ತೆ ನಡುವಿನ ಬಿಳಿ ಗೀಟು ಮಾತ್ರ
ಮುನಾವರ್ ಸಾಬರ ಕಡೆಯದು,
ಅವರ ಮನೆಯ ಒಳಕೋಣೆ ಇದ್ದ ಹಾಗೆ.
ಇಣುಕಿದವನಲ್ಲ.

ನನ್ನ ವಿದ್ಯೆಯೆಲ್ಲ ಅಂಗೈಯಲ್ಲಿ.
ತಗಡಿಗೆ ಒಂದು ಏಟು, ನಿಲ್ಲು.
ಎರಡು, ಹೋಗು.
ಸುಮ್ಮನಿದ್ದರೆ ಇನ್ನೂ ಜಾಗ ಇದೆ ಎಂದು.
"ಬರ್ಲಿ, ಬರ್ಲಿ, ವಸಿ ಎಡುಕ್ಕೆ, ಬರ್ಲಿ..."
ಹೆಂಡತಿ ಹೇಳುತ್ತಾಳೆ,
ನಿದ್ದೆಯಲ್ಲೂ ಕೂಗಿ ಕೂಗಿ
ಮಂಚವನ್ನು ಗೋಡೆತನಕ ಹಿಂದಕ್ಕೆ ತರುತ್ತೇನಂತೆ.

ಈಗ ಸಾಬರ ಕಣ್ಣಿಗೆ ಪೊರೆ.
ಕೀಲಿಯನ್ನು ನನ್ನ ಕೈಗಿಟ್ಟು ಅಂದರು:
"ಚಲುವ, ಹೆವಿ ಲೈಸನ್ಸ್ ಮಾಡುಸ್ಕೊ.
ನನ್ ಸೀಟ್ನ ಕಂಡೋರ್ಗೆಲ್ಲ ಕೊಡಕ್ಕಾಗಲ್ಲ ಕನಪ್ಪ."

ಮೊದಲು ಓದು.
ತಂಗಿಯ ಮಗಳು ಲಿಖಿತ, ಏಳನೇ ಕ್ಲಾಸು,
ಚಾರ್ಟು ಹಿಡಿದು ಕೇಳುತ್ತಾಳೆ, ಸ್ಕೇಲು ಬೇರೆ ಕೈಯಲ್ಲಿ.
ತ್ರಿಕೋನ? ಎಚ್ಚರಿಕೆ.
ಕೆಂಪು ಸುತ್ತು? ಮಾಡಬೇಡ.
ನೀಲಿ ಸುತ್ತು? ಮಾಡಲೇಬೇಕು.
ಚೌಕ? "ಅದು ಬರೀ ಮಾಹಿತಿ ಮಾವ, ಹೆದರ್ಬೇಡ."
ಕಡಿದಾದ ಇಳಿಜಾರಿನ ಚಿತ್ರ ತೋರಿಸಿ
ಏನು ಮಾಡುತ್ತೀ ಅಂದಳು.
ಗಾಲಿಗೆ ಕೊಡಲು ಮರದ ತುಂಡು ಹಿಡಿದು
ಬಾಗಿಲಲ್ಲಿ ನಿಲ್ಲುತ್ತೇನೆ ಅಂದೆ.
ತಪ್ಪು.
ಅದು ಕ್ಲೀನರಿನ ಉತ್ತರ.
ಡ್ರೈವರು ಗೇರು ಇಳಿಸಬೇಕು.

ಭಾನುವಾರ ಮಂಡ್ಯದ ಎಪಿಎಂಸಿ ಯಾರ್ಡು ಖಾಲಿ.
ಬೆಲ್ಲದಂಗಡಿಗಳ ಷಟರು ಕೆಳಗೆ,
ಜೇನ್ನೊಣಕ್ಕೆ ಮಾತ್ರ ರಜೆಯಿಲ್ಲ.
ಸುಣ್ಣ ಬಳಿದ ಎಂಟು ಎಣ್ಣೆ ಡಬ್ಬ ಇಟ್ಟು
ಅದರೊಳಗೆ ಹಿಂದಕ್ಕೆ ಬಾ ಅಂದರು.
ಮುಂದಕ್ಕೆ ಯಾರು ಬೇಕಾದರೂ ಹೋದಾರು.
ಹಿಂದಕ್ಕೆ ಬರುವಾಗ ಬಾಲ ಬಲಕ್ಕೆ ಹೊರಳಿದರೆ
ಮೂತಿ ಎಡಕ್ಕೆ ಮುನಿಸಿಕೊಳ್ಳುತ್ತದೆ.
ಕನ್ನಡಿ ನೋಡಿದೆ.
ಹನ್ನೊಂದು ವರ್ಷ ನಾನು ನಿಂತಿದ್ದ ಜಾಗ ಅದರಲ್ಲಿತ್ತು.
ಅಲ್ಲಿ ಯಾರೂ ಇರಲಿಲ್ಲ.
ಬ್ರೇಕು ಒತ್ತಿ ಕೂತುಬಿಟ್ಟೆ.
ಒಂದು ಡಬ್ಬ ಆಗಲೇ ಚಪ್ಪಟೆ.

ಆಗ ಸಾಬರು ಎಡಬಾಗಿಲಿಂದ ಇಳಿದರು,
ಮೊದಲು ಒಂದು ಕಾಲು,
ಆಮೇಲೆ ಮಂಡಿ ಹಿಡಿದು ಇನ್ನೊಂದು.
ಆ ಬಾಗಿಲು ಅವರಿಗೆ ರೂಢಿಯಿಲ್ಲ.
ಹಿಂದೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು,
ತಗಡಿಗೆ ಎರಡು ಏಟು ಕೊಟ್ಟರು.
"ಬರ್ಲಿ, ಬರ್ಲಿ."
ಕೂಗು ನನ್ನದೇ, ಗಂಟಲು ಮಾತ್ರ ಅವರದು.

ಡಬ್ಬ ಅವರಿಗೆ ಕಾಣುತ್ತಿರಲಿಲ್ಲ.
ಅದು ನನಗೆ ಗೊತ್ತಿತ್ತು,
ನನಗೆ ಗೊತ್ತೆಂದು ಅವರಿಗೂ.
ಮೆಲ್ಲಗೆ ಬಂದೆ,
ಡಬ್ಬದ ಚಿಂತೆ ಬಿಟ್ಟು, ಅವರಿಗೆ ತಾಗದ ಹಾಗೆ.
ಇಳಿದು ನೋಡಿದರೆ
ಉಳಿದ ಏಳೂ ನಿಂತಿದ್ದವು.

ಅಂದಿನಿಂದ ರಾತ್ರಿ ಮಲಗಿ
ಗೋಡೆಗೆ ಪಾದ ಕೊಟ್ಟು ಒತ್ತುತ್ತೇನೆ,
ಕ್ಲಚ್ಚು, ಬ್ರೇಕು, ಮತ್ತೆ ಕ್ಲಚ್ಚು;
ಸುಣ್ಣದ ಮೇಲೆ ಎರಡು ಹಿಮ್ಮಡಿ ಗುರುತು ಬಿದ್ದಿದೆ.

ಗುರುವಾರ ಟೆಸ್ಟು.
ಅವತ್ತು ಹಿಂದೆ ಯಾರೂ ನಿಲ್ಲುವಂತಿಲ್ಲ.
ಇನ್ಸ್‌ಪೆಕ್ಟರು ಕಾಗದ ಹಿಡಿದು
ಎಡಗಡೆ ಕೂರುತ್ತಾರಂತೆ.
ಸಾಬರು ಎರಡು ಸಲ ಎಚ್ಚರಿಸಿದ್ದಾರೆ:
"ಅಪ್ಪಿತಪ್ಪಿ ಅವ್ರನ್ನ
ಎಡುಕ್ಕೆ ಜಾಗ ಅದಾ ಅಂತ ಕೇಳ್ಬುಟ್ಟೀಯ!"
ಹೂಂ ಅಂದಿದ್ದೇನೆ.
ಆದರೂ ಆ ಸೀಟಿನ ಸ್ಪ್ರಿಂಗು
ಎಲ್ಲಿ ಚುಚ್ಚುತ್ತದೆಂದು ನನಗೊಬ್ಬನಿಗೇ ಗೊತ್ತು.
ಬುಧವಾರ ರಾತ್ರಿಯೇ
ಒಂದು ಗೋಣಿಚೀಲ ಮಡಿಸಿ ಹಾಸಿ ಬಂದೆ.